ನೊರಜಿನ ನಕ್ಷೆ ಮತ್ತು ಶ್ರಾವಕನ ಅಹಿಂಸೆ

ಸೂರ್ಯಾಸ್ತದ ಬಳಿಕ ಆಹಾರ ಸೇವಿಸಬಾರದೆಂಬ ನಿಯಮಕ್ಕೆ ಶ್ರಾವಕಾಚಾರದ ಗ್ರಂಥಗಳು ಹೇಳುವ ಕಾರಣಗಳಲ್ಲಿ ಒಂದು ಬಹು ಸರಳವಾದುದು. ಕತ್ತಲಾದ ಮೇಲೆ ಉಣ್ಣಬೇಕಾದರೆ ದೀಪ ಬೇಕು. ದೀಪ ಹಚ್ಚಿದರೆ ಹಾರುವ ಸೂಕ್ಷ್ಮಜೀವಿಗಳು ಅದರತ್ತ ಧಾವಿಸುತ್ತವೆ. ಬಂದವು ಉರಿಯಲ್ಲಿಯೋ ಅನ್ನದ ಬಟ್ಟಲಿನಲ್ಲಿಯೋ ಬಿದ್ದು ಪ್ರಾಣ ಬಿಡುತ್ತವೆ. ದೀಪಕ್ಕೆ ಕೊಲ್ಲುವ ಉದ್ದೇಶವಿಲ್ಲ, ಉಣ್ಣುವವನಿಗೂ ಇಲ್ಲ. ಆದರೂ ಮುಂದಾಗುವುದನ್ನು ಬಲ್ಲವನು ದೀಪ ಹಚ್ಚಿ ಊಟಕ್ಕೆ ಕುಳಿತರೆ ಅವನು ನಿರ್ದೋಷಿಯಲ್ಲ ಎಂಬುದು ಆಚಾರ್ಯರ ನಿಲುವು.

ಇದೇ ಸಂಗತಿಯನ್ನು ಪಶುವೈದ್ಯ ವಿಜ್ಞಾನವು ಬೇರೊಂದು ಉದ್ದೇಶಕ್ಕೆ ಬಳಸುತ್ತದೆ. ದನದ ಕೊಟ್ಟಿಗೆಯ ಸೂರಿನಡಿ ಅಥವಾ ಕುರಿರೊಪ್ಪದ ಪಕ್ಕದಲ್ಲಿ ನೇರಿಳೆ ಬೆಳಕಿನ ಒಂದು ಸಣ್ಣ ಕೊಳವೆದೀಪವನ್ನು ತೂಗುಹಾಕುತ್ತಾರೆ. ಅದರ ಕೆಳಗೊಂದು ಚಿಕ್ಕ ಫ್ಯಾನು, ಫ್ಯಾನಿನ ಕೆಳಗೆ ಜಾಲರಿಯ ಕೊಳವೆ, ಅದರ ತುದಿಯಲ್ಲಿ ದ್ರವ ತುಂಬಿದ ಪಾತ್ರೆ. ಮುಸ್ಸಂಜೆಗೆ ಹಚ್ಚಿದರೆ ಬೆಳಗಿನ ಹೊತ್ತಿಗೆ ಪಾತ್ರೆಯಲ್ಲಿ ಆ ಸ್ಥಳದ ರಾತ್ರಿಯ ಜೀವಸಂಕುಲವೆಲ್ಲ ನಿಶ್ಚಲವಾಗಿ ಬಿದ್ದಿರುತ್ತದೆ. ದನಗಳಿರುವ ಕಡೆ ಒಂದೇ ರಾತ್ರಿಗೆ ಸಾವಿರಾರು ಕೀಟಗಳು ಸಿಕ್ಕುವುದು ಅಪರೂಪವಲ್ಲ. ಹುಡುಕುತ್ತಿರುವುದು ಮಾತ್ರ ಅವುಗಳಲ್ಲಿ ಒಂದೇ ಕುಲವನ್ನು, ಒಂದರಿಂದ ಮೂರು ಮಿಲಿಮೀಟರ್ ಉದ್ದದ ಕಚ್ಚುವ ನೊರಜನ್ನು. ಪ್ರಾಣಿಶಾಸ್ತ್ರದಲ್ಲಿ ಅದಕ್ಕೆ ಕ್ಯುಲಿಕಾಯ್ಡಿಸ್ ಎಂಬ ಹೆಸರಿದೆ. ಈ ನೊರಜು ಯಾವ ಊರಿನಲ್ಲಿದೆ, ಯಾವ ತಿಂಗಳಲ್ಲಿ ಹೆಚ್ಚು, ಯಾವ ಜಾತಿಯದು ಎಂಬುದನ್ನು ಗುರುತಿಸಿ ನಕ್ಷೆ ಬರೆಯುವುದು ಈ ಕಾರ್ಯದ ಗುರಿ. ಆ ನಕ್ಷೆಯಿಂದ ಕುರಿಗಳ ಪ್ರಾಣ ಉಳಿಯಬಹುದು.

ಹಾಗಾದರೆ ಜೀವದಯೆಯ ಸಲುವಾಗಿ ಕುರಿ ಮೇಕೆ ದನಗಳನ್ನು ಸಾಕುತ್ತಿರುವ ಒಂದು ಧರ್ಮಸಂಸ್ಥೆ ತನ್ನ ಕೊಟ್ಟಿಗೆಯಲ್ಲಿ ಇಂಥ ಬಲೆಯನ್ನು ತೂಗುಹಾಕಲು ಒಪ್ಪಬೇಕೆ? ಒಪ್ಪುವುದೂ ಒಪ್ಪದಿರುವುದೂ ಮೇಲ್ನೋಟಕ್ಕೆ ಕಾಣುವಷ್ಟು ಸುಲಭವಲ್ಲ. ಈ ಪ್ರಶ್ನೆಯ ವಿಚಾರಕ್ಕೆ ಮೊದಲು ರೋಗದ ಸ್ವರೂಪವನ್ನು ತಿಳಿಯುವುದು ಅಗತ್ಯ.

ನೀಲಿನಾಲಿಗೆ ಎಂಬುದು ಮುಖ್ಯವಾಗಿ ಕುರಿಗಳನ್ನು ಬಾಧಿಸುವ ವೈರಸ್ ರೋಗ. ಜ್ವರ ಏರುತ್ತದೆ, ಮುಖ ಮತ್ತು ತುಟಿಗಳು ಊದುತ್ತವೆ, ಬಾಯಲ್ಲಿ ಹುಣ್ಣಾಗಿ ಮೇವು ಮುಟ್ಟಲಾಗುವುದಿಲ್ಲ, ಗೊರಸಿನ ಮೇಲ್ಭಾಗ ಕೆಂಪೇರಿ ಕುರಿ ಕುಂಟುತ್ತದೆ. ಗಬ್ಬದ ಕುರಿಗಳು ಕಂದು ಹಾಕುತ್ತವೆ. ನಾಲಿಗೆ ನೀಲಿಗಟ್ಟುವುದು ಎಲ್ಲ ಕುರಿಗಳಲ್ಲಿ ಕಾಣದಿದ್ದರೂ ಹೆಸರು ಅದರಿಂದಲೇ ಬಂದಿದೆ. ದಕ್ಷಿಣ ಆಫ್ರಿಕದ ಕುರಿಗಾರರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಇದನ್ನು ಬಲ್ಲವರಾಗಿದ್ದರು. ಅಲ್ಲಿಯ ಒಂಡರ್‌ಸ್ಟೆಪೂರ್ಟ್ ಪಶುವೈದ್ಯ ಸಂಸ್ಥೆಯ ಡು ಟಾಯ್ಟ್ ಎಂಬುವರು 1944ರಲ್ಲಿ ನೊರಜೇ ಇದರ ವಾಹಕವೆಂದು ತೋರಿಸಿದರು. ಭಾರತದಲ್ಲಿ ಈ ರೋಗ 1964ರಲ್ಲಿ ಮಹಾರಾಷ್ಟ್ರದ ಕುರಿಗಳಲ್ಲಿ ವರದಿಯಾಯಿತು. ಅನಂತರದ ದಶಕಗಳಲ್ಲಿ ಕರ್ನಾಟಕ, ಆಂಧ್ರ, ತಮಿಳುನಾಡುಗಳ ಕುರಿಮಂದೆಗಳಿಗೆ ಮಳೆಗಾಲದ ಕೊನೆಯಲ್ಲಿ ಬರುವ ಪಿಡುಗಾಗಿ ಅದು ನೆಲೆಯೂರಿತು. 2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ ಸುಮಾರು 1 ಕೋಟಿ 10 ಲಕ್ಷ ಕುರಿಗಳಿದ್ದವು. ಬನ್ನೂರು, ಬಳ್ಳಾರಿ, ಡೆಕ್ಕನಿ, ಕೆಂಗುರಿಗಳಂತೆ ಹಾಸನ ಎಂಬ ಹೆಸರಿನದೇ ಒಂದು ಕುರಿತಳಿಯೂ ಈ ರಾಜ್ಯದಲ್ಲಿದೆ.

ಈ ರೋಗದ ಮೂರು ಲಕ್ಷಣಗಳು ನೀತಿವಿಚಾರಕ್ಕೆ ನೇರವಾಗಿ ಸಂಬಂಧಿಸಿವೆ. ರೋಗವು ಒಂದು ಕುರಿಯ ಮೈಸೋಕಿನಿಂದ ಇನ್ನೊಂದಕ್ಕೆ ಹರಡುವುದು ವಿರಳ. ನೊರಜಿನ ಕಡಿತವೇ ಅದರ ದಾರಿ. ಆದ್ದರಿಂದ ರೋಗ ಬಂದ ಕುರಿಯನ್ನು ಕೊಂದು ಹೂಳಿದರೆ ಮಂದೆ ಉಳಿಯುತ್ತದೆಂಬ ವಾದಕ್ಕೆ ಇಲ್ಲಿ ಆಧಾರವಿಲ್ಲ. ದನ ಎಮ್ಮೆಗಳು ಯಾವ ತೊಂದರೆಯನ್ನೂ ತೋರದೆ ವಾರಗಟ್ಟಲೆ ವೈರಸ್ಸನ್ನು ರಕ್ತದಲ್ಲಿ ಹೊತ್ತಿರಬಲ್ಲವು. ಹಾಗಾಗಿ ಕುರಿಯೇ ಇಲ್ಲದ ಊರಿನ ಕೊಟ್ಟಿಗೆಯೂ ರೋಗದ ಕಥೆಯಲ್ಲಿ ಪಾಲುಗೊಳ್ಳುತ್ತದೆ. ಇನ್ನು ವೈರಸ್ಸಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಬಗೆಗಳಿವೆ, ಒಂದಕ್ಕೆ ಕೊಟ್ಟ ಲಸಿಕೆ ಮತ್ತೊಂದನ್ನು ಸಾಮಾನ್ಯವಾಗಿ ತಡೆಯುವುದಿಲ್ಲ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಅಖಿಲ ಭಾರತ ಜಾಲ ಯೋಜನೆಯಲ್ಲಿ ರೂಪುಗೊಂಡ ಲಸಿಕೆಯು 1, 2, 10, 16 ಮತ್ತು 23ನೆಯ ಬಗೆಗಳನ್ನು ಒಳಗೊಂಡಿದೆ. ಎಲ್ಲಿ, ಯಾವಾಗ, ಯಾವ ಬಗೆ ಸುಳಿದಾಡುತ್ತಿದೆ ಎಂದು ತಿಳಿದರೆ ಮಾತ್ರ ಲಸಿಕೆ ಸಕಾಲದಲ್ಲಿ ಸರಿಯಾದ ಮಂದೆಗೆ ತಲುಪೀತು.

ಸಕಲೇಶಪುರ ಮತ್ತು ಆಲೂರಿನ ಬೆಟ್ಟಸೀಮೆಯ ಮಗ್ಗೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ದಿಣ್ಣೆಗಳ ಮೇಲೆ ಕಾಫಿ ತೋಟ, ತಗ್ಗಿನಲ್ಲಿ ಭತ್ತದ ಗದ್ದೆ, ಮನೆಯ ಹಿಂದೆ ಕೊಟ್ಟಿಗೆ, ಕೊಟ್ಟಿಗೆಯ ಹಿಂದೆ ತಿಪ್ಪೆ. ಮುಂಗಾರು ಹಿಡಿದರೆ ನೆಲ ಒಣಗುವುದೇ ಇಲ್ಲ. ನೊರಜಿನ ಮರಿಹುಳುಗಳಿಗೆ ಬೇಕಾದುದೂ ಇಷ್ಟೇ. ಕೆಲವು ಜಾತಿಗಳು ಹಸಿ ಸಗಣಿಯಲ್ಲಿ, ಕೆಲವು ಕೆಸರಿನ ಅಂಚಿನಲ್ಲಿ, ಕೆಲವು ಗಂಜಲ ಹರಿದು ಕೊಳೆತ ನೆಲದಲ್ಲಿ ಬೆಳೆಯುತ್ತವೆ. ಇತ್ತ ಇದೇ ಜಿಲ್ಲೆಯ ಪೂರ್ವದಲ್ಲಿ ಅರಸೀಕೆರೆಯ ಸೀಮೆ ಬಯಲು. ಸಕಲೇಶಪುರದಲ್ಲಿ ಬೀಳುವ ಮಳೆಯ ಮೂರನೆಯ ಒಂದು ಭಾಗದ ಆಸುಪಾಸಷ್ಟೇ ಅಲ್ಲಿ ಬೀಳುತ್ತದೆ. ಕುರಿಮಂದೆಗಳು ಹೆಚ್ಚಾಗಿರುವುದು ಆ ಕಡೆ. ಮಲೆನಾಡಿನ ದನಗಳು ಸುಮ್ಮನೆ ಹೊತ್ತ ವೈರಸ್ಸು ಬಯಲುಸೀಮೆಯ ಕುರಿಗಳಿಗೆ ಇಳಿಯುತ್ತದೆಯೇ, ಅಥವಾ ಎರಡೂ ಕಡೆಯ ನೊರಜುಗಳು ಬೇರೆ ಬೇರೆ ಜಾತಿಯವಾಗಿ ಒಂದಕ್ಕೊಂದು ಸಂಬಂಧವಿಲ್ಲವೇ? ನೊರಜು ತಾನಾಗಿ ದೂರ ಹಾರಲಾರದು. ಗಾಳಿ ಮಾತ್ರ ಅದನ್ನು ಹತ್ತಾರು ಮೈಲಿ ಹೊತ್ತೊಯ್ಯಬಲ್ಲದು, ಮುಂಗಾರಿನ ಗಾಳಿ ಬೀಸುವುದು ಘಟ್ಟದಿಂದ ಬಯಲಿನ ಕಡೆಗೆ. ಬೆಂಗಳೂರು ನಗರ ಮತ್ತು ಗ್ರಾಮಾಂತರ ಜಿಲ್ಲೆಗಳ ನೊರಜುಗಳ ಋತುಮಾನವನ್ನು ಕುರಿತ ಅಧ್ಯಯನವೊಂದು 2016ರಲ್ಲಿ ಪ್ರಕಟವಾಗಿದೆ. ಆದರೆ ಬೆಂಗಳೂರಿನ ನಕ್ಷೆಯನ್ನು ಮಗ್ಗೆಗೆ ಅನ್ವಯಿಸುವುದು ರಾಗಿಯ ಹೊಲದ ಲೆಕ್ಕವನ್ನು ಕಾಫಿ ತೋಟಕ್ಕೆ ಹಾಕಿದಂತಾದೀತು. ಬಲೆಯನ್ನು ಇಲ್ಲಿಯೇ ತೂಗುಹಾಕಬೇಕೆಂದು ವಿಜ್ಞಾನಿ ಕೇಳುವುದು ಈ ಕಾರಣದಿಂದ.

ಇನ್ನು ಧರ್ಮವಿಚಾರ. ನೊರಜು ತ್ರಸಜೀವಿ, ಸ್ಪರ್ಶ ರಸ ಗಂಧ ರೂಪಗಳನ್ನು ಅರಿಯುವ ಚತುರಿಂದ್ರಿಯ ಜೀವಿ. ಶಾಸ್ತ್ರದ ಎಣಿಕೆಯಲ್ಲಿ ಅದಕ್ಕೆ ಎಂಟು ಪ್ರಾಣಗಳು, ಮನಸ್ಸುಳ್ಳ ಪಂಚೇಂದ್ರಿಯವಾದ ಕುರಿಗೆ ಹತ್ತು. ಈ ತಾರತಮ್ಯವನ್ನು ಹಿಡಿದು ಕೆಲವರು ಸುಲಭವಾದ ಉತ್ತರವೊಂದಕ್ಕೆ ಬರುತ್ತಾರೆ: ಕೀಳು ಹಂತದ ಕೆಲವು ಸಾವಿರ ಜೀವಿಗಳು ಸತ್ತು ಮೇಲಿನ ಹಂತದ ನೂರು ಜೀವಿಗಳು ಉಳಿದರೆ ಅದು ಪುಣ್ಯಕಾರ್ಯವೇ ಅಲ್ಲವೆ ಎಂದು. ಹತ್ತನೆಯ ಶತಮಾನದ ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದೇ ಜಾಡಿನ ವಾದಗಳನ್ನು ಒಂದೊಂದಾಗಿ ಎತ್ತಿಕೊಂಡು ನಿರಾಕರಿಸಿದ್ದಾರೆ. ಹಿಂಸ್ರಜೀವಿಯೊಂದನ್ನು ಕೊಂದರೆ ಬಹುಜೀವಿಗಳ ರಕ್ಷಣೆಯಾಗುತ್ತದೆಂದು ಕೊಲ್ಲಬಾರದು. ಅನೇಕ ಸಣ್ಣ ಜೀವಿಗಳ ಘಾತಕ್ಕಿಂತ ಒಂದು ದೊಡ್ಡ ಜೀವಿಯ ಘಾತ ಲೇಸೆಂದು ಲೆಕ್ಕ ಹಾಕಬಾರದು. ದುಃಖದಲ್ಲಿರುವ ಜೀವಿಯನ್ನು ದುಃಖದಿಂದ ಬಿಡಿಸುವೆನೆಂದು ಕೊಲ್ಲಲೂ ಬಾರದು. ಎಣಿಕೆಯ ತಕ್ಕಡಿಯಲ್ಲಿ ಪ್ರಾಣವನ್ನಿಟ್ಟು ತೂಗುವ ಕ್ರಮವನ್ನೇ ಆಚಾರ್ಯರು ಒಪ್ಪಲಿಲ್ಲ. ಜೀವಿಗಳಲ್ಲಿ ತಾರತಮ್ಯವಿದೆ, ನಿಜ. ಒಂದರ ಬದಲಿಗೆ ಇನ್ನೊಂದನ್ನು ಕೊಟ್ಟು ಲೆಕ್ಕ ಚುಕ್ತಾ ಮಾಡುವ ದರಪಟ್ಟಿ ಇಲ್ಲ. ಆದ್ದರಿಂದ ಬೆಳಕಿನ ಬಲೆಯನ್ನು ಸಮರ್ಥಿಸಬೇಕಾದರೆ ಲಾಭನಷ್ಟದ ಈ ದಾರಿ ಶ್ರಾವಕನಿಗೆ ಮುಚ್ಚಿದೆ ಎಂದೇ ತಿಳಿಯಬೇಕು.

ನೊರಜೇ ಆಕ್ರಮಣಕಾರಿ, ಆದ್ದರಿಂದ ಇದು ವಿರೋಧೀ ಹಿಂಸೆ, ಗೃಹಸ್ಥನಿಗೆ ಕ್ಷಮ್ಯ ಎಂಬ ಇನ್ನೊಂದು ವಾದವೂ ನಿಲ್ಲುವುದಿಲ್ಲ. ಕಚ್ಚುವುದು ಹೆಣ್ಣು ನೊರಜು ಮಾತ್ರ, ಅದೂ ಮೊಟ್ಟೆಗಳ ಪೋಷಣೆಗೆ ರಕ್ತ ಬೇಕಾದಾಗ. ಬಲೆಗೆ ಬೀಳುವವುಗಳಲ್ಲಿ ಗಂಡುಗಳಿವೆ, ಯಾರನ್ನೂ ಕಚ್ಚದ ಬೇರೆ ನೊರಜುಗಳಿವೆ, ಪತಂಗಗಳಿವೆ, ದುಂಬಿಗಳಿವೆ. ಅವು ಯಾರ ಮೇಲೂ ಎರಗಿ ಬಂದವಲ್ಲ, ದೀಪವೇ ಅವನ್ನು ಕರೆಯಿತು.

ದಂಶಮಶಕ ಪರೀಷಹವನ್ನು ನೆನೆದು ಬೇರೊಂದು ತುದಿಗೆ ಹೋಗುವವರೂ ಉಂಟು. ಮುನಿಗಳು ಸಹಿಸಬೇಕಾದ ಇಪ್ಪತ್ತೆರಡು ಪರೀಷಹಗಳಲ್ಲಿ ನೊಣ ಸೊಳ್ಳೆಗಳ ಕಡಿತವೂ ಒಂದು. ಕೈಯಾಡಿಸಿ ಓಡಿಸದೆ ಸಮಭಾವದಿಂದ ಸಹಿಸುವುದು ಅಲ್ಲಿಯ ಸಾಧನೆ. ಕಡಿತವನ್ನು ಸಹಿಸುವುದೇ ಧರ್ಮವಾದರೆ ಕುರಿಯ ಕಡಿತಕ್ಕೆ ಮನುಷ್ಯ ಏಕೆ ತಲೆಹಾಕಬೇಕು, ಕರ್ಮದಂತೆ ಆಗುವುದಾಗಲಿ ಎಂದು ಅವರ ತರ್ಕ. ಆದರೆ ಪರೀಷಹಜಯ ತಾನಾಗಿ ಕೈಗೊಂಡ ವ್ರತ. ಮುನಿ ತನ್ನ ದೇಹವನ್ನು ಒಡ್ಡುತ್ತಾರೆಯೇ ಹೊರತು ಪರರ ದೇಹವನ್ನಲ್ಲ. ರೊಪ್ಪದಲ್ಲಿ ಕೂಡಿಟ್ಟ ಕುರಿ ಯಾವ ವ್ರತವನ್ನೂ ತೊಟ್ಟಿಲ್ಲ. ಬೇರೆಡೆಗೆ ಹೋಗುವ ಸ್ವಾತಂತ್ರ್ಯವೂ ಅದಕ್ಕಿಲ್ಲ. ಕಟುಕನ ಕೈಯಿಂದ ಬಿಡಿಸಿ ತಂದು ಅಭಯ ಕೊಟ್ಟವರು ಅದನ್ನು ತಿಪ್ಪೆಯ ಪಕ್ಕದಲ್ಲಿ ಕಟ್ಟಿ, ಅದರ ಸಂಕಟಕ್ಕೆ ಅದರ ಕರ್ಮವನ್ನು ಹೊಣೆ ಮಾಡುವುದು ದಯೆಯಲ್ಲ. ಅಭಯದಾನ ಕೊಟ್ಟ ದಿನ ಮುಗಿಯುವಂಥದ್ದಲ್ಲ ಎಂಬುದನ್ನು ಪಿಂಜರಾಪೋಲ್ ನಡೆಸಿದವರು ಚೆನ್ನಾಗಿ ಬಲ್ಲರು.

ಹಾಗಾದರೆ ಬಲೆಯ ಹಿಂಸೆಯನ್ನು ಯಾವ ಹೆಸರಿನಿಂದ ಕರೆಯಬೇಕು? ಗೃಹಸ್ಥನು ಸಂಪೂರ್ಣವಾಗಿ ಬಿಡಬೇಕಾದುದು ಸಂಕಲ್ಪೀ ಹಿಂಸೆ. ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳನ್ನು ಅವನು ಶಕ್ತಿಮೀರಿ ಕಡಿಮೆ ಮಾಡಿಕೊಳ್ಳಬೇಕು. ವಿಜ್ಞಾನಿಯ ಕೆಲಸ ಅವನ ಉದ್ಯೋಗವಾದ್ದರಿಂದ ಇದು ಉದ್ಯೋಗೀ ಹಿಂಸೆ ಎಂದುಬಿಡಬಹುದು. ಅಷ್ಟಕ್ಕೆ ನಿಂತರೆ ಕಸಾಯಿಖಾನೆಯವನೂ ತನ್ನ ಗುರಿ ಕೂಲಿಯೇ ಹೊರತು ಕೊಲೆಯಲ್ಲ ಎಂದಾನು. ಇಬ್ಬರ ನಡುವಣ ಅಂತರ ಬೇರೆಡೆ ಇದೆ. ಕಟುಕನಿಗೆ ಪ್ರಾಣಿಯ ಸಾವೇ ಬೇಕು. ಸಾವಿಲ್ಲದೆ ಅವನ ಸರಕಿಲ್ಲ. ನಕ್ಷೆ ಬರೆಯುವವನಿಗೆ ಬೇಕಾದುದು ನೊರಜಿನ ರೆಕ್ಕೆಯ ಮೇಲಿನ ಚುಕ್ಕೆಗಳ ವಿನ್ಯಾಸ. ಬಹುಪಾಲು ಜಾತಿಗಳನ್ನು ಗುರುತಿಸುವುದು ಆ ಕಪ್ಪುಬಿಳುಪು ಗುರುತುಗಳಿಂದ. ಸಾವು ಅವನ ವಿಧಾನದ ಅನುಕೂಲವೇ ಹೊರತು ಗುರಿಯ ಅಗತ್ಯವಲ್ಲ. ಆದ್ದರಿಂದ ಅವನ ಅಂತರಂಗವನ್ನು ಪರೀಕ್ಷಿಸಲು ಒಂದು ದಾರಿಯಿದೆ. ಕೊಲ್ಲದೆ ಅಥವಾ ಕಡಿಮೆ ಕೊಂದು ಅದೇ ಗುರುತನ್ನು ನೋಡುವ ಉಪಾಯವಿದ್ದರೆ, ಹೆಚ್ಚು ಶ್ರಮವಾದರೂ ಅವನು ಅದನ್ನು ಹಿಡಿಯುತ್ತಾನೆಯೆ? ಹಿಡಿದರೆ ಅವನ ಕೈಯಲ್ಲಿ ಆಗುವ ಹಿಂಸೆ ಉದ್ಯೋಗದ ಮಿತಿಯಲ್ಲಿದೆ. ಹತ್ತು ಸತ್ತರೇನು ಹತ್ತು ಸಾವಿರ ಸತ್ತರೇನು ಎಂಬ ಉದಾಸೀನವಿದ್ದರೆ ಅದು ಸಂಕಲ್ಪದ ಅಂಚಿಗೆ ಬಂದು ನಿಂತಿದೆ. ಉಮಾಸ್ವಾಮಿಗಳು ಹಿಂಸೆಯ ಲಕ್ಷಣದಲ್ಲಿ ಪ್ರಮಾದವನ್ನು ಮುಂದಿಟ್ಟಿರುವುದು ಈ ಉದಾಸೀನವನ್ನು ಹಿಡಿಯುವುದಕ್ಕೇ.

ಧರ್ಮಸಂಸ್ಥೆಯ ಪಾಲಿಗೆ ಇಲ್ಲೊಂದು ಎಚ್ಚರಿಕೆಯೂ ಇದೆ. ಬಲೆ ಸರ್ಕಾರದ್ದು, ಹಚ್ಚಿದವರು ಪಶುವೈದ್ಯರು, ಟ್ರಸ್ಟು ಜಾಗ ಮಾತ್ರ ಕೊಟ್ಟಿತು ಎಂಬ ಮಾತು ಆಡಳಿತದ ಕಡತಕ್ಕೆ ಸಾಕು, ಕರ್ಮಸಿದ್ಧಾಂತಕ್ಕೆ ಸಾಲದು. ಕೃತ, ಕಾರಿತ, ಅನುಮೋದಿತ ಎಂಬ ಮೂರೂ ಬಾಗಿಲುಗಳಿಂದ ಕರ್ಮ ಹರಿದು ಬರುತ್ತದೆ. ಅನುಮತಿಯ ಪತ್ರಕ್ಕೆ ಸಹಿ ಮಾಡಿದ ಧರ್ಮದರ್ಶಿಗಳು ಮೂರನೆಯ ಬಾಗಿಲಲ್ಲಿ ನಿಂತಿರುತ್ತಾರೆ.

ಇಷ್ಟನ್ನು ಒಪ್ಪಿದ ಮೇಲೆ, ಅನುಮತಿ ನಿರಾಕರಿಸಿಬಿಟ್ಟರೆ ಕೈ ಶುದ್ಧವಾಯಿತಲ್ಲ ಎಂದು ತೋರುವುದು ಸಹಜ. ಹಾಗಾಗುವುದಿಲ್ಲ. 2022ರಲ್ಲಿ ಚರ್ಮಗಂಟು ರೋಗ ದೇಶದ ದನಗಳನ್ನು ಬಾಧಿಸಿ ಕರ್ನಾಟಕಕ್ಕೂ ವ್ಯಾಪಿಸಿದಾಗ, ಕಚ್ಚುವ ಕೀಟಗಳಿಂದ ಅದು ಹರಡುತ್ತದೆಂಬ ತಿಳಿವಳಿಕೆಯಿಂದ ಕೀಟನಾಶಕ ಸಿಂಪಡಣೆಯೂ ಮುಂಜಾಗ್ರತೆಯ ಕ್ರಮಗಳಲ್ಲಿ ಸೇರಿತು. ಯಾವ ಕೀಟ, ಎಲ್ಲಿ ಹುಟ್ಟುತ್ತದೆ, ಯಾವ ಹೊತ್ತಿಗೆ ಹಾರುತ್ತದೆ ಎಂಬುದು ತಿಳಿಯದ ಕಡೆ ಸಿಂಪಡಣೆಗೆ ಮಿತಿ ಇರುವುದಿಲ್ಲ. ಗೋಡೆಗೆ, ತಿಪ್ಪೆಗೆ, ಚರಂಡಿಗೆ, ದನದ ಮೈಗೆ, ಕಂಡಕಂಡಲ್ಲಿಗೆಲ್ಲ ಸುರಿಯುವುದಾಗುತ್ತದೆ. ಒಂದು ರಾತ್ರಿಯ ಬಲೆಯಲ್ಲಿ ಸತ್ತವುಗಳನ್ನು ಎಣಿಸಲಾದರೂ ಸಾಧ್ಯ, ಭಯದಿಂದ ಸುರಿದ ಔಷಧದಲ್ಲಿ ಸತ್ತವುಗಳಿಗೆ ಎಣಿಕೆಯೇ ಇಲ್ಲ. ಅಮೃತಚಂದ್ರರ ನಿಷೇಧವನ್ನು ಮರೆತು ಮತ್ತೆ ತಕ್ಕಡಿ ಹಿಡಿದಂತಾಯಿತೆಂದು ಇಲ್ಲಿ ಆಕ್ಷೇಪಿಸಬಹುದು. ಆದರೆ ಹೇಳಬೇಕಾದುದು ಸಂಖ್ಯೆಯನ್ನಲ್ಲ. ತಿಳಿಯುವ ಅವಕಾಶವಿದ್ದೂ ತಿಳಿಯದೆ ಉಳಿದು, ಆ ಅಜ್ಞಾನದಿಂದಲೇ ಕೈಬಿಚ್ಚಿ ಕೊಲ್ಲುವುದು ಪ್ರಮಾದದ ನೇರ ಉದಾಹರಣೆ ಎಂಬುದನ್ನು. ಬಲೆಯನ್ನು ಬೇಡವೆಂದ ಟ್ರಸ್ಟು ಸಿಂಪಡಣೆಯ ಡಬ್ಬಿಯನ್ನೂ ಬೇಡವೆಂದರೆ ಅದರ ನಿಲುವಿಗೆ ಗೌರವ ಸಲ್ಲಬೇಕು. ಒಂದನ್ನು ನಿರಾಕರಿಸಿ ಇನ್ನೊಂದನ್ನು ಸದ್ದಿಲ್ಲದೆ ತರಿಸಿಕೊಂಡರೆ ಅದಕ್ಕೆ ಅಹಿಂಸೆಯ ಹೆಸರು ಒಪ್ಪದು.

ಪ್ರಸಂಗವಶಾತ್ ಇನ್ನೊಂದು ಮಾತು. ಅನೇಕ ಛತ್ರಗಳ ಅಡುಗೆಮನೆಯಲ್ಲಿ, ಮಿಠಾಯಿ ಅಂಗಡಿಗಳಲ್ಲಿ, ಈಚೆಗೆ ಕೆಲವು ಮನೆಗಳಲ್ಲಿಯೂ ನೀಲಿ ಬೆಳಕಿನ ವಿದ್ಯುತ್ ಪೆಟ್ಟಿಗೆಗಳು ಗೋಡೆಯ ಮೇಲೆ ಚಟಪಟ ಸದ್ದು ಮಾಡುತ್ತಿರುತ್ತವೆ. ಅವುಗಳಿಗೆ ಬಲಿಯಾಗುವವುಗಳಲ್ಲಿ ಹೆಚ್ಚಿನವು ಯಾರನ್ನೂ ಕಚ್ಚದ ಕೀಟಗಳು. ಆ ಸಾವಿನಿಂದ ಒಂದಕ್ಷರದ ತಿಳಿವೂ ಹುಟ್ಟುವುದಿಲ್ಲ. ವರ್ಷಕ್ಕೆ ನಾಲ್ಕು ರಾತ್ರಿ ಹಚ್ಚುವ ವಿಜ್ಞಾನಿಯ ಬಲೆಗೆ ಹೌಹಾರುವ ಮನೆತನಗಳು ಮುನ್ನೂರ ಅರವತ್ತೈದು ರಾತ್ರಿಯೂ ಉರಿಯುವ ಈ ಪೆಟ್ಟಿಗೆಯ ಬಗೆಗೆ ಏನನ್ನೂ ಹೇಳದಿರುವುದು ವಿಚಿತ್ರ. ಮೊದಲು ಆರಿಸಬೇಕಾದ ದೀಪ ಅದು.

ಜೀವಿ ಎಲ್ಲಿದೆ ಎಂದು ತಿಳಿದು ನಡೆಯುವುದು ಜೈನಾಚಾರಕ್ಕೆ ಹೊಸದೇನಲ್ಲ. ಮುನಿಗಳು ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ ಹೆಜ್ಜೆಯಿಡುವ ಈರ್ಯಾಸಮಿತಿ ಕ್ಷಣಕ್ಷಣಕ್ಕೂ ಬರೆದು ಅಳಿಸುವ ಒಂದು ನಕ್ಷೆಯೇ ಸರಿ. ಮಳೆಗಾಲದಲ್ಲಿ ಜೀವೋತ್ಪತ್ತಿ ಹೆಚ್ಚೆಂದು ಅರಿತು ವಿಹಾರ ನಿಲ್ಲಿಸಿ ಒಂದೆಡೆ ನೆಲೆಸುವ ಚಾತುರ್ಮಾಸ, ಕಾಲದಲ್ಲಿ ಜೀವಿಗಳ ಹರವನ್ನು ಗುರುತಿಸಿಕೊಂಡ ಪಂಚಾಂಗ. ನೊರಜು ಹೆಚ್ಚುವುದೂ ಆ ತಿಂಗಳುಗಳಲ್ಲಿ ಮತ್ತು ಅವುಗಳ ಬೆನ್ನಿಗೆ ಬರುವ ದಿನಗಳಲ್ಲಿಯೇ ಎಂಬುದನ್ನು ಇಂದಿನ ಅಧ್ಯಯನಗಳು ಹೇಳುತ್ತವೆ. ಮನೆಯ ಹೆಣ್ಣುಮಕ್ಕಳು ಹಿಟ್ಟಿಗೆ ಮಳೆಗಾಲದಲ್ಲಿ ಮೂರು ದಿನ, ಬೇಸಗೆಯಲ್ಲಿ ಐದು ದಿನ, ಚಳಿಗಾಲದಲ್ಲಿ ಏಳು ದಿನವೆಂದು ಮರ್ಯಾದೆ ಇಟ್ಟುಕೊಂಡು ಬಂದದ್ದೂ ಇದೇ ತಿಳಿವಿನಿಂದ. ಹುಟ್ಟಿದ ಜೀವಿಯನ್ನು ಕೊಲ್ಲುವುದಕ್ಕೂ ಹುಟ್ಟಲು ಎಡೆಗೊಡದಿರುವುದಕ್ಕೂ ಇರುವ ಅಂತರವನ್ನು ಆ ಹಿಟ್ಟಿನ ಡಬ್ಬಿ ತಲೆಮಾರುಗಳಿಂದ ಕಲಿಸುತ್ತಿದೆ.

ಈ ಅಂತರವೇ ನೊರಜಿನ ವಿಷಯದಲ್ಲಿ ನಕ್ಷೆಯ ನಿಜವಾದ ಪ್ರಯೋಜನವನ್ನು ತೋರಿಸುತ್ತದೆ. ಯಾವ ಜಾತಿ ಸಗಣಿಯಲ್ಲಿ ಬೆಳೆಯುತ್ತದೆ, ಯಾವುದು ಕೆಸರಿನಲ್ಲಿ ಎಂದು ತಿಳಿದರೆ, ಮೊಟ್ಟೆ ಇಡುವ ಕಾಲಕ್ಕೆ ಮೊದಲೇ ತಿಪ್ಪೆಯನ್ನು ಕೊಟ್ಟಿಗೆಯಿಂದ ದೂರ ಸರಿಸಬಹುದು, ಬಾನಿಯ ಬುಡದಲ್ಲಿ ಸೋರಿ ನಿಲ್ಲುವ ನೀರನ್ನು ತಪ್ಪಿಸಬಹುದು, ಗಂಜಲದ ಕಾಲುವೆಗೆ ಕಲ್ಲು ಹಾಸಬಹುದು. ಕೆಸರಿನಲ್ಲಿ ಮರಿಹುಳು ತುಂಬಿದ ಮೇಲೆ ಇದೇ ಕೆಲಸ ಮಾಡಿದರೆ ಅವೆಲ್ಲ ಒಣಗಿ ಸಾಯುತ್ತವೆ. ತಿಂಗಳ ಮುಂಚೆ ಮಾಡಿದರೆ ಸಾಯುವ ಜೀವಿ ಬಹು ಕಡಿಮೆ. ಈ ತಿಂಗಳ ಮುಂಚೆ ಎಂಬುದನ್ನು ಮಗ್ಗೆಯ ಮಟ್ಟಿಗೆ ಹೇಳಬಲ್ಲದ್ದು ಮಗ್ಗೆಯ ನಕ್ಷೆ ಮಾತ್ರ. ನೊರಜು ಹೆಚ್ಚಾಗಿ ಹಾರುವುದು ಮುಸ್ಸಂಜೆ ಮತ್ತು ನಸುಕಿನಲ್ಲಿ. ಗಾಳಿಗೆ ಎದುರಾಗಿ ಹಾರುವ ಶಕ್ತಿ ಅದಕ್ಕಿಲ್ಲ. ಆ ಹೊತ್ತಿಗೆ ಕುರಿಗಳನ್ನು ಒಳಗೆ ಸೇರಿಸಿ ಫ್ಯಾನು ತಿರುಗಿಸಿದರೆ ಅಥವಾ ಹಿಂದಿನವರಂತೆ ಬೇವಿನ ಸೊಪ್ಪಿನ ಹೊಗೆ ಹಾಕಿದರೆ ಕಡಿತ ಕಡಿಮೆಯಾದೀತು. ಸಾಮಾನ್ಯ ಸೊಳ್ಳೆಪರದೆಯ ಕಣ್ಣಿನಲ್ಲಿ ನೊರಜು ತೂರಿ ಬರುವುದರಿಂದ ಇನ್ನೂ ಸಣ್ಣ ಕಣ್ಣಿನ ಪರದೆ ಬೇಕು. ಲಸಿಕೆಯನ್ನು ನೊರಜಿನ ಕಾಲಕ್ಕೆ ಕೆಲವು ವಾರ ಮೊದಲು ಹಾಕಿಸಬೇಕು. ಕೊಲೆಗೆ ಇಷ್ಟು ಪರ್ಯಾಯಗಳಿದ್ದೂ ಅವು ಫಲಿಸುವುದು ಸ್ಥಳ ಮತ್ತು ಕಾಲದ ತಿಳಿವಿದ್ದಾಗ.

ವಾಹಕಜೀವಿಯ ನೆಲೆ ತಿಳಿಯುವುದರ ಬೆಲೆ ಕರ್ನಾಟಕಕ್ಕೆ ಮೊದಲೇ ಅನುಭವಕ್ಕೆ ಬಂದಿತ್ತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಸುತ್ತಲಿನ ಜನ ಜ್ವರದಿಂದ ಬಿದ್ದಾಗ, ಕಾಡಿನ ಉಣ್ಣೆಗಳೇ ರೋಗವಾಹಕವೆಂದು ಗೊತ್ತಾದದ್ದು ಅವನ್ನು ಹುಡುಕಿ ಹಿಡಿದು ಪರೀಕ್ಷಿಸಿದ ಮೇಲೆ. ಅಂದಿನಿಂದ ಮಂಗ ಸತ್ತ ಜಾಗವನ್ನು ಗುರುತಿಸಿ ಸುತ್ತಲಿನ ಊರುಗಳನ್ನು ಎಚ್ಚರಿಸುವ ಪದ್ಧತಿ ಬಂತು. ಮನುಷ್ಯನ ಪ್ರಾಣಕ್ಕೆ ಸಂಬಂಧಿಸಿದ ಆ ಕಾರ್ಯವನ್ನು ಯಾವ ಶ್ರಾವಕನೂ ಆಕ್ಷೇಪಿಸಿದಂತಿಲ್ಲ. ಕುರಿಯ ಪ್ರಾಣಕ್ಕೆ ಸಂಬಂಧಿಸಿದಾಗ ಮಾತ್ರ ಕೀಟದ ಮೇಲೆ ದಯೆ ಉಕ್ಕುವುದಾದರೆ ಆ ದಯೆಯ ಮೂಲವನ್ನು ಒಮ್ಮೆ ಶೋಧಿಸಿಕೊಳ್ಳಬೇಕಾಗುತ್ತದೆ.

ಈ ವಿಚಾರಗಳ ಬೆಳಕಿನಲ್ಲಿ ನೋಡಿದರೆ ಟ್ರಸ್ಟು ಅನುಮತಿ ಕೊಡುವುದು ತಪ್ಪಲ್ಲ, ಆದರೆ ಕೇಳಿದಷ್ಟನ್ನೂ ಕೊಡುವುದು ತಪ್ಪು. ದೊಡ್ಡ ಪತಂಗ ದುಂಬಿಗಳು ಒಳಹೋಗದಂತೆ ಬಲೆಯ ಸುತ್ತ ಎರಡು ಮಿಲಿಮೀಟರ್ ಕಣ್ಣಿನ ಜಾಲರಿ ಕಟ್ಟುವ ಪದ್ಧತಿ ಈ ವಿದ್ಯೆಯಲ್ಲಿಯೇ ಉಂಟು. ಅದಿಲ್ಲದ ಬಲೆಯನ್ನು ಒಳಗೆ ಬಿಡಬೇಕಾಗಿಲ್ಲ. ಇಡೀ ರಾತ್ರಿಯ ಬದಲು ಮುಸ್ಸಂಜೆಯ ಒಂದೆರಡು ತಾಸು ಸಾಲದೇ ಎಂದು ಕೇಳಬಹುದು. ಕುರಿಯ ಮೈಮೇಲೆ ಕುಳಿತ ನೊರಜುಗಳನ್ನೇ ಹೀರುನಳಿಕೆಯಿಂದ ಹಿಡಿದು, ತಂಪಿನ ಪೆಟ್ಟಿಗೆಯಲ್ಲಿಟ್ಟು ಅವು ಜಡವಾಗಿರುವಾಗ ರೆಕ್ಕೆಯ ಗುರುತು ನೋಡಿ ಬಿಟ್ಟುಬಿಡುವುದು ಶ್ರಮದ ಕೆಲಸವಾದರೂ ಅಸಾಧ್ಯವೇನಲ್ಲ. ಗುರುತು ಸಂಶಯವಾದ ಕೆಲವನ್ನು ಮಾತ್ರ ಪ್ರಯೋಗಶಾಲೆಗೆ ಒಯ್ಯಬೇಕಾದೀತು, ವೈರಸ್ಸಿನ ಪತ್ತೆಗೂ ಕೆಲವು ಬೇಕಾದಾವು. ಅಲ್ಲಿಗೆ ಹಿಂಸೆ ಪೂರ್ಣವಾಗಿ ಇಲ್ಲವಾಗುವುದಿಲ್ಲ, ಹಾಗೆಂದು ನಟಿಸುವುದೂ ಬೇಡ. ಒಮ್ಮೆ ಹಿಡಿದ ಮಾದರಿ ಹಲವು ವರ್ಷ ಹಲವರಿಗೆ ಉಪಯೋಗವಾಗುವಂತೆ ಸಂರಕ್ಷಿತವಾಗಬೇಕು. ಹತ್ತಿರದ ಊರುಗಳಲ್ಲಿ ಸಿಕ್ಕ ವಿವರದಿಂದ ಮಳೆ, ಉಷ್ಣತೆ, ನೆಲದ ತೇವಗಳನ್ನು ಕೂಡಿಸಿ ಮುಂದಿನ ಊರಿನ ಸ್ಥಿತಿಯನ್ನು ಊಹಿಸುವ ಗಣಿತ ಇಂದು ಬೆಳೆದಿದೆ. ಬೆಂಗಳೂರಿನ ರಾಷ್ಟ್ರೀಯ ಪಶುರೋಗ ಸೋಂಕುಶಾಸ್ತ್ರ ಮತ್ತು ರೋಗಮಾಹಿತಿ ಸಂಸ್ಥೆಯಂಥ ಕಡೆ ಜಾನುವಾರು ರೋಗಗಳ ಮುನ್ಸೂಚನೆಗೆ ಇಂಥ ಲೆಕ್ಕಗಳನ್ನೇ ಬಳಸುತ್ತಾರೆ. ಸರಿಯಾಗಿ ಆರಿಸಿದ ಕೆಲವು ಸ್ಥಳಗಳ ಬಲೆ ಮುಂದೆ ನೂರಾರು ಸ್ಥಳಗಳಲ್ಲಿ ಬಲೆ ಬೇಡವೆನ್ನಿಸಬಲ್ಲದು.

ಬಲೆಯ ಪಾತ್ರೆಗೆ ಅಂಟಿಸುವ ಚೀಟಿಯಲ್ಲಿ ಊರು, ದಿನಾಂಕ, ಹೊತ್ತು, ಹತ್ತಿರವಿದ್ದ ಪಶುಗಳ ಸಂಖ್ಯೆ, ಸಿಕ್ಕ ನೊರಜುಗಳ ಸಂಖ್ಯೆ ಇವುಗಳನ್ನು ಬರೆಯುತ್ತಾರೆ. ಉಳಿದ ಕೀಟಗಳು ಇತರೆ ಎಂಬ ಒಂದು ಮಾತಿನಲ್ಲಿ ಮುಗಿದುಹೋಗುತ್ತವೆ, ಎಷ್ಟೋ ವೇಳೆ ಆ ಮಾತೂ ಇಲ್ಲದೆ ಚೆಲ್ಲಿಹೋಗುತ್ತವೆ. ಅನುಮತಿಪತ್ರದಲ್ಲಿ ಧರ್ಮದರ್ಶಿಗಳು ಸೇರಿಸಬೇಕಾದ ಷರತ್ತು ಒಂದೇ ಇದ್ದರೆ ಅದು ಈ ಚೀಟಿಗೆ ಸಂಬಂಧಿಸಿದ್ದು. ಇತರೆ ಎಂಬುದರ ಎದುರಿಗೂ ಸಂಖ್ಯೆ ಬರೆಯಬೇಕು, ಪ್ರತಿ ರಾತ್ರಿಯದನ್ನೂ ಬರೆಯಬೇಕು, ಅದರ ಒಂದು ಪ್ರತಿ ಟ್ರಸ್ಟಿನ ಕಡತಕ್ಕೆ ಬರಬೇಕು. ಮುಂದಿನ ವರ್ಷ ಅನುಮತಿ ಕೇಳಿ ಬಂದಾಗ ಸಭೆಯ ಮುಂದೆ ಮೊದಲು ಓದಬೇಕಾದುದು ಆ ಸಂಖ್ಯೆಯನ್ನು.